ಗೊಬ್ಬರದ ಲೆಕ್ಕ ಮತ್ತು ವಾಗೆನಿಂಗೆನ್ನಿನ ಓದು

ನೆದರ್‌ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಕೃಷಿ, ಪರಿಸರ ಓದಲು ಹೊರಟ ಹುಡುಗ ಹುಡುಗಿಯರು ಫೋನ್ ಮಾಡಿದಾಗ ಮೊದಲು ವಿಚಾರಿಸುವುದು ವಿದ್ಯಾರ್ಥಿವೇತನ, ಆಮೇಲೆ ಚಳಿ. ಪ್ರಬಂಧಕ್ಕೆ ಯಾವ ಊರಿನ ಹೊಲ ಆರಿಸಿಕೊಳ್ಳಲಿ ಎಂದು ಕೇಳುವವರು ಅಪರೂಪ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ.

ಅಲ್ಲಿಯ ಎಂ.ಎಸ್ಸಿ. ಎರಡು ವರ್ಷದ್ದು, 120 ಕ್ರೆಡಿಟ್. ವರ್ಷಕ್ಕೆ ಆರು ಅವಧಿ. ಪಾಠ ತಲೆಗೆ ಹತ್ತುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಎರಡನೆಯ ವರ್ಷದ ಬಹುಪಾಲು ಪ್ರಬಂಧಕ್ಕೆ ಮತ್ತು ಇಂಟರ್ನ್‌ಶಿಪ್‌ಗೆ ಮೀಸಲು. ಅಂದರೆ ಪದವಿಯ ಹತ್ತಿರಹತ್ತಿರ ಅರ್ಧ ಭಾಗ ಹೇಗಿರಬೇಕೆಂಬುದು ವಿದ್ಯಾರ್ಥಿಯ ಕೈಯಲ್ಲೇ ಇದೆ.

ಮಣ್ಣು ಕಲಿಯಲು ಆ ಊರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸೈಕಲ್ ತುಳಿದರೆ ಒಂದು ಕಡೆ ಫೆಲುವೆಯ ಮರಳು, ಇನ್ನೊಂದು ಕಡೆ ರೈನ್ ನದಿ ತಂದು ಹಾಕಿದ ಜೇಡಿ. ನಾನು ಅಲ್ಲಿ ಓದುವಾಗ, ಮಣ್ಣು ಕೊರೆಯುವ ಕೈ ಅಗರನ್ನು ತಿರುವುತ್ತ ನೆಲಕ್ಕಿಳಿಸಿ, ಮೇಲೆತ್ತಿದ ಮಣ್ಣನ್ನು ಆಳದ ಕ್ರಮದಲ್ಲೇ ಹುಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದೆವು. ಚಿಟಿಕೆ ಮಣ್ಣಿಗೆ ನೀರು ಹನಿಸಿ ಎರಡು ಬೆರಳ ನಡುವೆ ಉಜ್ಜಿದರೆ ಮರಳು ಕರಕರ ಎನ್ನುತ್ತದೆ, ಜೇಡಿ ಅಂಟುತ್ತದೆ. ಬೂದು ಜೇಡಿಯಲ್ಲಿ ತುಕ್ಕುಬಣ್ಣದ ಚುಕ್ಕೆ ಕಂಡರೆ ಅಂತರ್ಜಲ ಅಲ್ಲಿಯ ತನಕ ಏರಿ ಇಳಿಯುತ್ತದೆ ಎಂದು ಗುರುತು. ಗದಗ ಸೀಮೆಯ ಎರೆ ಹೊಲದಲ್ಲಿ ಬೆಳೆದ ನನಗೆ, ನೀರು ಕೆಳಗಿನಿಂದ ಬಂದು ಬೆಳೆಯ ಬೇರು ಕೊಳೆಸೀತು ಎಂಬ ಚಿಂತೆಯೇ ಹೊಸದು.

ಇದಕ್ಕಿಂತ ಬೆರಗು ಹುಟ್ಟಿಸಿದ್ದು ಸಗಣಿ. ಅಲ್ಲಿ ದನ, ಹಂದಿಗಳ ಸಂಖ್ಯೆಗೆ ಹೋಲಿಸಿದರೆ ಭೂಮಿ ಸಾಲದು. ಐರೋಪ್ಯ ಒಕ್ಕೂಟದ 1991ರ ನೈಟ್ರೇಟ್ ನಿಯಮದ ಪ್ರಕಾರ ಒಂದು ಹೆಕ್ಟೇರಿಗೆ ವರ್ಷಕ್ಕೆ ಪ್ರಾಣಿಜನ್ಯ ಗೊಬ್ಬರದಿಂದ 170 ಕಿಲೋ ಸಾರಜನಕವಷ್ಟೇ ಹಾಕಬಹುದು. ಡಚ್ಚರು ಬಹುಕಾಲ ವಿನಾಯಿತಿ ಪಡೆದೇ ಅದಕ್ಕಿಂತ ಹೆಚ್ಚು ಹಾಕುತ್ತಿದ್ದವರು. ಮಿತಿ ಮೀರಿದ ಗೊಬ್ಬರವನ್ನು ಸಾಗಿಸಲು ರೈತನೇ ದುಡ್ಡು ಕೊಡಬೇಕು. ನಮ್ಮಲ್ಲಿ ಇದು ಪೂರಾ ಉಲ್ಟಾ: ಒಂದು ಟ್ರೇಲರ್ ತಿಪ್ಪೆಗೊಬ್ಬರಕ್ಕೆ ನಾವು ದುಡ್ಡು ಕೊಡುತ್ತೇವೆ, ಹೊಲದಲ್ಲಿ ರಾತ್ರಿ ಕುರಿ ತರುಬಲು ಕುರಿಗಾರರಿಗೆ ಕಾಳು, ಹಣ ಕೊಟ್ಟು ಒಪ್ಪಿಸುತ್ತೇವೆ. ಒಂದೇ ವಸ್ತು ಅಲ್ಲಿ ಹೊರೆ, ಇಲ್ಲಿ ಬಂಗಾರ.

ಸಾರಜನಕ ಅಲ್ಲಿ ರಾಜಕೀಯವೂ ಹೌದು. 2019ರ ಮೇ ತಿಂಗಳಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯ ಸರ್ಕಾರದ ಸಾರಜನಕ ಪರವಾನಗಿ ಪದ್ಧತಿಯನ್ನು ತಳ್ಳಿಹಾಕಿತು. ಅಕ್ಟೋಬರಿನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ಹೇಗ್ ನಗರಕ್ಕೆ ನುಗ್ಗಿದರು. ಕೊಟ್ಟಿಗೆಯಿಂದ ಏಳುವ ಅಮೋನಿಯಾ ಹೀತ್ ಕುರುಚಲು ನೆಲದ ಮೇಲೆ ಇಳಿದು, ಬಡ ಮಣ್ಣನ್ನೇ ನೆಚ್ಚಿದ ಗಿಡಗಳನ್ನು ಹುಲ್ಲು ನುಂಗುವಂತೆ ಮಾಡುತ್ತದೆ. ರಸಾಯನಶಾಸ್ತ್ರ, ಕಾನೂನು, ರೈತನ ಬ್ಯಾಂಕ್ ಸಾಲ ಒಂದೇ ತರಗತಿಯಲ್ಲಿ ಚರ್ಚೆಗೆ ಬರುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಮ್ಮ ಕೃಷಿ ಕಾಲೇಜುಗಳಲ್ಲಿ ಇವು ಬೇರೆ ಬೇರೆ ವಿಭಾಗ, ಬೇರೆ ಬೇರೆ ಕಟ್ಟಡ. ಹಾಗೆಂದು ನಮ್ಮ ಓದು ಕೀಳೇನಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವದಲ್ಲಿ ಹಳ್ಳಿಯಲ್ಲಿ ಉಳಿದು, ರೈತರ ಕಟ್ಟೆಯ ಮೇಲೆ ಕೂತು ಮಾತಾಡಿದ ಅಭ್ಯಾಸ ಅಲ್ಲಿ ನನ್ನನ್ನು ಕಾಯಿತು. ನಾನಾ ದೇಶದ ವಿದ್ಯಾರ್ಥಿಗಳು ಒಂದು ತಂಡವಾಗಿ ಹೊರಗಿನ ಸಂಸ್ಥೆಯೊಂದಕ್ಕೆ ಸಲಹಾ ವರದಿ ಸಿದ್ಧಪಡಿಸುವ ಕೋರ್ಸ್ ಇದೆ; ಒಬ್ಬರು ವ್ಯವಸ್ಥಾಪಕ, ಒಬ್ಬರು ಕಾರ್ಯದರ್ಶಿ, ಒಬ್ಬರು ಲೆಕ್ಕಪತ್ರದವರು. ಅಲ್ಲಿ ರೈತರ ಜೊತೆ ಮಾತು ತೆಗೆಯಬೇಕಾದಾಗಲೆಲ್ಲ ತಂಡ ನನ್ನನ್ನೇ ಮುಂದೆ ಬಿಡುತ್ತಿತ್ತು.

ಆದ್ದರಿಂದ ಹೊರಡುವವರಿಗೆ ನಾನು ಹೇಳುವುದು: ನಿಮ್ಮ ತಾಲ್ಲೂಕಿನ ಮಣ್ಣು, ಮಳೆ, ಬೆಳೆಯ ಅಂಕಿ ಅಂಶ ಜೊತೆಗೆ ಒಯ್ಯಿರಿ. ಪ್ರಬಂಧದ ಕ್ಷೇತ್ರಕಾರ್ಯ ಸ್ವದೇಶದಲ್ಲಿ ಮಾಡಲು ಮಾರ್ಗದರ್ಶಕರು ಒಪ್ಪುವುದುಂಟು. ಮೊದಲ ವರ್ಷದಲ್ಲೇ ಕೇಳಿ. ಅಲ್ಲಿಯ ಹಸಿರುಮನೆ, ಹಾಲು ಕರೆಯುವ ರೋಬಾಟ್ ನೋಡಲು ಚೆಂದ, ಆದರೆ ಅವನ್ನು ಕಡಲೆ ಬೆಳೆಯುವ ಹೊಲಕ್ಕೆ ತರಲಾಗದು. ಹೊಲಕ್ಕೆ ಬಂದ ಸಾರಜನಕ ಎಷ್ಟು, ಹೋದದ್ದು ಎಷ್ಟು ಎಂದು ಜಮಾ ಖರ್ಚು ಬರೆಯುವ ವಿಧಾನವನ್ನು ತರಬಹುದು. ನಾನು ತಂದದ್ದು ಅದನ್ನೇ. ನಮ್ಮ ಭಾಗದ ಹಿಂಗಾರಿ ಜೋಳ, ಕಡಲೆ ಹೊಲಗಳ ಲೆಕ್ಕ ಬರೆದೆ.

ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಬರೆದು, ಮಾದರಿ ಕೊಟ್ಟ ರೈತರಿಗೆಲ್ಲ ಹಂಚಿದೆ. ಹಿರಿಯರೊಬ್ಬರು ಅದನ್ನು ಮಗನ ಕೈಯಲ್ಲಿ ಪೂರ್ತಿ ಓದಿಸಿ, “ಹಂಗಾದ್ರ ಕಡಲಿ ತಗದ ಹೊಲಕ್ಕ ಮುಂದ ಜ್ವಾಳ ಹಾಕಿದಾಗ ಯೂರಿಯಾ ಎಷ್ಟು ಕಡಿಮಿ ಮಾಡೂಣು, ತಮ್ಮಾ?” ಎಂದು ಕೇಳಿದರು. ಒಂದೇ ಹಂಗಾಮಿನ ಅಂಕಿಗಳಿಂದ ಅದನ್ನು ಹೇಳಲಾಗದು ಎಂದೆ. ಅವರ ಹೊಲದಲ್ಲೇ ನಾಲ್ಕು ಪಟ್ಟಿ ಬಿಟ್ಟು, ಬೇರೆ ಬೇರೆ ಪ್ರಮಾಣದ ಯೂರಿಯಾ ಹಾಕಿ, ಮುಂದಿನ ಹಿಂಗಾರಿಯಲ್ಲಿ ತೂಗಿ ನೋಡುವುದೆಂದು ಇಬ್ಬರೂ ಗೊತ್ತುಮಾಡಿಕೊಂಡೆವು.