ಒಂದು ಮುಖಗವಸಿನ ಲೆಕ್ಕ

ಈ ವರ್ಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಹೊಲಿಗೆಯ ವರ್ಗದ ಹಳೆಯ ಕಪಾಟನ್ನು ತೆರವು ಮಾಡಬೇಕಾಯಿತು. ತಳದಲ್ಲಿ ಒಂದು ಗಂಟು ದೊರೆಯಿತು. ಬಿಚ್ಚಿ ನೋಡಲು ನೀಲಿ ಚೌಕಡಿಯ ಅರಿವೆಯಲ್ಲಿ ಹೊಲಿದ ನಾಲ್ವತ್ತೊಂದು ಮುಖಗವಸುಗಳು! 5ನೆಯ ಇಯತ್ತೆಯ ಹುಡುಗನೊಬ್ಬನು ಅದೇನೆಂದು ಸರಿಯಾಗಿ ತಿಳಿಯದೆ ಒಂದನ್ನು ತಲೆಗೆ ಟೊಪ್ಪಿಗೆಯಂತೆ ಕಟ್ಟಿಕೊಂಡನು. ಎಲ್ಲರೂ ನಕ್ಕರು. ಆದರೆ 8ನೆಯ ಇಯತ್ತೆಯ ಬಾಲಿಕೆಯೊಬ್ಬಳು ಮಾತ್ರ ನಗಲಿಲ್ಲ. ಅವಳು ಒಂದನ್ನು ಕೈಗೆತ್ತಿಕೊಂಡು, ಅಂಚಿನ ಕೆಂಪು ದಾರವನ್ನು ತೋರಿಸಿ, “ಇದನ್ನು ನಮ್ಮ ಅವ್ವ ಹೊಲಿದಾಳರಿ. ನೀಲಿ ದಾರ ತೀರಿತ್ತು, ಅಂಗಡಿ ಬಂದ್ ಇದ್ದವು” ಎಂದಳು.

ಆ ದಿನ ನಾವು ಗಣಿತದ ತಾಸಿನಲ್ಲಿ ಪುಸ್ತಕವನ್ನು ಬದಿಗಿಟ್ಟು ಈ ಮುಖಗವಸಿನ ಲೆಕ್ಕವನ್ನೇ ಮಾಡಿದೆವು. ಆ ಪಾಠವನ್ನು ಇಲ್ಲಿ ಬರೆದಿಡುತ್ತೇವೆ.

ಮೊದಲು ಕಾಲಕ್ರಮವನ್ನು ತಿಳಿದುಕೊಳ್ಳತಕ್ಕದ್ದು. ನಮ್ಮ ದೇಶದಲ್ಲಿ ಕೊರೋನಾ ರೋಗದ ಮೊದಲನೆಯ ಪ್ರಕರಣವು 2020ನೆಯ ಇಸವಿಯ ಜನವರಿ 30ರಂದು ಕೇರಳದಲ್ಲಿ ಕಂಡುಬಂದಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಮುಖಗವಸುಗಳು ಅಂಗಡಿಗಳಿಂದ ಮಾಯವಾದವು. ಸಿಕ್ಕಲ್ಲಿ ಬೆಲೆ ಗಗನಕ್ಕೇರಿತು. ಮಾರ್ಚ್ 13ರಂದು ಕೇಂದ್ರ ಸರಕಾರವು ಅವನ್ನು ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಿ, ಒಂದು ವಾರದ ಮೇಲೆ ಎರಡು ಪದರದ್ದಕ್ಕೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ ಎಂದು ಮಿತಿಯನ್ನು ಗೊತ್ತುಪಡಿಸಿತು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ಏಪ್ರಿಲ್ 8ರಂದು ನಮ್ಮ ಮುಂಬಯಿಯಲ್ಲಿ ಮನೆಯ ಹೊರಗೆ ಮುಖಗವಸನ್ನು ಧರಿಸುವುದು ಕಡ್ಡಾಯವಾಯಿತು.

ಇಲ್ಲಿಯ ತೊಡಕನ್ನು ಗಮನಿಸಿರಿ. ಎಲ್ಲರೂ ಧರಿಸಲೇಬೇಕು, ಆದರೆ ಆಸ್ಪತ್ರೆಯಲ್ಲಿ ಬಳಸುವಂಥವು ವೈದ್ಯರಿಗೂ ದಾದಿಯರಿಗೂ ಸಾಲದು. ಆದುದರಿಂದ ಏಪ್ರಿಲ್ ತಿಂಗಳ ಮೊದಲಲ್ಲಿಯೇ ಸರಕಾರವು ಜನಸಾಮಾನ್ಯರು ತೊಳೆದು ಮತ್ತೆ ಬಳಸಬಹುದಾದ ಅರಿವೆಯ ಮುಖಗವಸನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂದು ಸಲಹೆ ಕೊಟ್ಟಿತು. ಗಿರಣಿ, ಕಾರಖಾನೆಗಳು ನಿಂತಿದ್ದ ಕಾಲದಲ್ಲಿ ನಿಲ್ಲದೆ ಓಡಬಲ್ಲ ಯಂತ್ರ ಒಂದೇ ಉಳಿದಿತ್ತು. ಅದು ಬಡವರ ಮನೆಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರ.

ಆ ಯಂತ್ರದ ಮುಂದೆ ಕುಳಿತವರು ಯಾರು? ನಮ್ಮ ಬಾಲಿಕೆಯ ತಾಯಿಯ ಸಂಗತಿಯನ್ನೇ ನೋಡೋಣ. ವಿಜಯಪುರದ ಕಡೆಯಿಂದ ಬಂದ ಕುಟುಂಬ. ತಂದೆಗೆ ಕಟ್ಟಡದ ಕೆಲಸ, ತಾಯಿಗೆ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ. ಕಟ್ಟಡ ನಿಂತಿತು, ದೊಡ್ಡ ಮನೆಗಳವರು ಹೊರಗಿನವರಿಗೆ ಬಾಗಿಲು ಹಾಕಿದರು. ಒಂದೇ ವಾರದಲ್ಲಿ ಎರಡು ಗಳಿಕೆಗಳೂ ಇಲ್ಲವಾದವು. ಮದುವೆಯಲ್ಲಿ ತವರಿನವರು ಕೊಟ್ಟ ಹೊಲಿಗೆಯ ಯಂತ್ರವೊಂದಿತ್ತು. ಓಣಿಯಲ್ಲಿ ಒಬ್ಬ ಗುತ್ತಿಗೆದಾರನು ಕತ್ತರಿಸಿದ ಅರಿವೆಯ ಗಂಟುಗಳನ್ನು ಹಂಚುತ್ತಿದ್ದನು. ಆಕೆ ಒಂದನ್ನು ಇಸಿದುಕೊಂಡಳು.

ಇನ್ನು ಲೆಕ್ಕ. ನಾವು ವರ್ಗದಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಅರಿವೆಯೆಂದು ಭಾವಿಸಿ ಕತ್ತರಿಸಿ ನೋಡಿದೆವು. 90 ಸೆಂಟಿಮೀಟರ್ ಪನ್ನದ ಒಂದು ಮೀಟರ್ ಅರಿವೆಯಲ್ಲಿ 18 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ತುಂಡುಗಳು 25 ಬರುತ್ತವೆ. ಎರಡು ಪದರದ ಮುಖಗವಸಾದರೆ 12, ಮೂರು ಪದರದ್ದಾದರೆ 8. ಎರಡೂ ಸಂದರ್ಭಗಳಲ್ಲಿ ಒಂದು ತುಂಡು ಉಳಿಯುತ್ತದೆ. ತುಂಡುಗಳನ್ನು ಒಂದರ ಮೇಲೊಂದಿಟ್ಟು, ಮೇಲಿನ ಅಂಚನ್ನು ಮಡಿಚಿ ಹೊಲಿದು, ಮೂರು ನೆರಿಗೆ ಹಿಡಿದು, ಎರಡು ಬದಿಗಳಿಗೆ ಪಟ್ಟಿ ಕೊಟ್ಟು ಲಾಡಿಯನ್ನೋ ಇಲಾಸ್ಟಿಕ್ಕನ್ನೋ ಜೋಡಿಸಬೇಕು. ನೆರಿಗೆಗಳ ಬಾಯಿ ಕೆಳಮುಖವಾಗಿರಬೇಕು. ಮೇಲ್ಮುಖವಾದರೆ ಧೂಳೂ ತುಂತುರೂ ಅದರಲ್ಲಿ ನಿಲ್ಲುತ್ತವೆ. ಇಂಥ ಮುಖಗವಸು ಧರಿಸಿದವನಿಗಿಂತ ಹೆಚ್ಚಾಗಿ ಅವನ ಎದುರಿಗೆ ನಿಂತವನನ್ನು ಕಾಪಾಡುತ್ತದೆ ಎಂಬುದು ಬಹುಮಂದಿಗೆ ಆಗ ತಿಳಿಯದ ಸಂಗತಿ. 2020ರ ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಮೂರು ಪದರಗಳಿರಬೇಕೆಂದೂ, ಒಳಗಿನದು ಹತ್ತಿಯಂತೆ ತೇವವನ್ನು ಹೀರುವಂಥದು, ಹೊರಗಿನದು ತೇವ ಹೀರದಂಥದು ಆಗಿರಬೇಕೆಂದೂ ತಿಳಿಸಿತು. ಅದಕ್ಕೆ ಮುಂಚೆ ಬೀದಿಯಲ್ಲಿ ಮಾರಿದವುಗಳಲ್ಲಿ ಹೆಚ್ಚಿನವು ಎರಡೇ ಪದರದವು.

ಕೈ ಪಳಗಿದ ಹೆಂಗಸು ಒಂದಕ್ಕೆ ಆರು ನಿಮಿಷದಂತೆ ತಾಸಿಗೆ 10, ಎಂಟು ತಾಸಿಗೆ 80 ಹೊಲಿಯಬಲ್ಲಳು. ಗುತ್ತಿಗೆದಾರನು ಕೊಟ್ಟುದು ಒಂದಕ್ಕೆ ಒಂದೂವರೆ ರೂಪಾಯಿ. 80ಕ್ಕೆ 120 ರೂಪಾಯಿ. ದಾರ, ಸೂಜಿ ಆಕೆಯವೇ. ಅದಕ್ಕೆ 10 ರೂಪಾಯಿ ಕಳೆಯಿರಿ. ಹೊಲಿಗೆ ಸೊಟ್ಟಗಾಗಿದೆಯೆಂದು ಐದನ್ನು ತಿರಸ್ಕರಿಸಿದರೆ ಏಳೂವರೆ ರೂಪಾಯಿ ಹೋಯಿತು. ಉಳಿದುದು 102 ರೂಪಾಯಿ 50 ಪೈಸೆ. ತಿರಸ್ಕರಿಸಿದ ಆ ಐದು ಮುಖಗವಸುಗಳನ್ನು ಅವನು ಹಿಂದಕ್ಕೆ ಕೊಡುತ್ತಿದ್ದನೇ ಎಂದು ಒಬ್ಬ ಹುಡುಗನು ಕೇಳಿದನು. ಇಲ್ಲ, ಅವೂ ಗಂಟಿನಲ್ಲಿಯೇ ಹೋಗುತ್ತಿದ್ದವು. ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಅದೇ ಮುಖಗವಸು ಬೀದಿಯಲ್ಲಿ 30 ರೂಪಾಯಿಗೆ ಮಾರುತ್ತಿದ್ದಿತು. ಮೀಟರಿಗೆ 60 ರೂಪಾಯಿಯ ಅರಿವೆ ಎಂದರೆ ಎರಡು ಪದರಕ್ಕೆ 5 ರೂಪಾಯಿ, ಇಲಾಸ್ಟಿಕ್ಕಿಗೆ 1, ಹೊಲಿಗೆಗೆ ಒಂದೂವರೆ, ಒಟ್ಟು ಏಳೂವರೆ. ಉಳಿದ ಇಪ್ಪತ್ತೆರಡೂವರೆ ರೂಪಾಯಿ ಎಲ್ಲಿ ಹೋಯಿತು? ಅದೆಲ್ಲವೂ ಅನ್ಯಾಯದ ಗಳಿಕೆಯೆಂದು ಹೇಳುವುದು ಸರಿಯಲ್ಲ. ಆ ದಿನಗಳಲ್ಲಿ ಗಂಟು ಹೊತ್ತು ತಿರುಗಿದವನೂ, ಬೀದಿಯಲ್ಲಿ ನಿಂತು ಮಾರಿದವನೂ ಅಪಾಯವನ್ನು ಮೈಮೇಲೆ ಎಳೆದುಕೊಂಡವರೇ. ಆದರೆ ಹಂಚಿಕೆ ಹೇಗಾಯಿತೆಂದು ಹೊಲಿದವಳು ಕೇಳುವಂತಿರಲಿಲ್ಲ. ಲೆಕ್ಕದ ಪುಸ್ತಕ ಆಕೆಯ ಕಣ್ಣಿಗೆ ಬೀಳುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಸೇವಾಸಂಸ್ಥೆಯವರು ಅದೇ ಓಣಿಯ ಹದಿನಾಲ್ಕು ಹೆಂಗಸರನ್ನು ಕೂಡಿಸಿದರು. ಅವರಲ್ಲಿ ಮೂವರು ವಿಧವೆಯರು, ಒಬ್ಬಳು ಗಂಡ ಬಿಟ್ಟುಹೋದವಳು, ಉಳಿದವರು ಕೆಲಸ ಕಳೆದುಕೊಂಡ ಮನೆಗೆಲಸದವರು. ಇಲ್ಲಿ ಮೂರು ಪದರದ ಮುಖಗವಸಿಗೆ ಅರಿವೆ ಏಳೂವರೆ ರೂಪಾಯಿ, ಲಾಡಿ ಮತ್ತು ದಾರಕ್ಕೆ 1, ಹೊಲಿಗೆಗೆ 5. ಮಾರಾಟದ ಬೆಲೆ 15. ಉಳಿದ ಒಂದೂವರೆ ರೂಪಾಯಿ ಯಂತ್ರಗಳ ದುರಸ್ತಿಗೂ ಸಾಗಾಟಕ್ಕೂ. ಸೊಟ್ಟ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು, ಕೂಲಿ ಕಡಿಯುತ್ತಿರಲಿಲ್ಲ. ಶನಿವಾರಕ್ಕೊಮ್ಮೆ ಎಲ್ಲರೆದುರಿಗೆ ಲೆಕ್ಕ ಓದುತ್ತಿದ್ದರು. ಲಾಭಕ್ಕಾಗಿಯೇ ಅಲ್ಲದೆ, ದುರ್ಬಲರಾದವರಿಗೆ ದುಡಿಮೆಯನ್ನು ಒದಗಿಸುವುದಕ್ಕಾಗಿ ನಡೆಸುವ ಇಂಥ ವ್ಯಾಪಾರಕ್ಕೆ ಈಗ ಸಾಮಾಜಿಕ ಉದ್ಯಮವೆಂದು ಹೆಸರು. ದಾನದಲ್ಲಿ ಕೊಟ್ಟವನ ಕೈ ಮೇಲಿರುತ್ತದೆ, ಇಲ್ಲಿ ಹಾಗಿಲ್ಲ. ಶಾಲೆ ಮತ್ತೆ ತೆರೆದಾಗ ನಮ್ಮ ಮಕ್ಕಳಿಗೆಂದು ಅವರು ಒದಗಿಸಿದ ಮುಖಗವಸುಗಳಲ್ಲಿ ಉಳಿದವೇ ಕಪಾಟಿನ ಆ ನಾಲ್ವತ್ತೊಂದು.

ಆ ತಾಯಿಯನ್ನು ಪಾಲಕರ ಸಭೆಯ ದಿನ ನಾವು ಕಂಡು ವಿಚಾರಿಸಿದೆವು. ಐದು ರೂಪಾಯಿಯ ದರವನ್ನೇ ಆಕೆ ಹೊಗಳುವಳೆಂದು ಎಣಿಸಿದ್ದೆವು. ಆಕೆ ಹೇಳಿದುದು ಬೇರೆ: “ಹೊಲಿಯೂದು ಏನು ದೊಡ್ಡದಲ್ಲರಿ, ಗುರುಗಳೇ. ಶನಿವಾರ ರೊಕ್ಕ ಬರತದ ಅಂತ ಗೊತ್ತಿತ್ತಲ್ಲರಿ, ಅದರ ಮ್ಯಾಲ ಕಿರಾಣಿ ಅಂಗಡಿಯಾವ ಉದ್ರಿ ಕೊಟ್ಟ.”

ಈಗ ದೊಡ್ಡ ಲೆಕ್ಕಕ್ಕೆ ಬರೋಣ. 2020ರ ಏಪ್ರಿಲ್ ನಡುವಿನ ಹೊತ್ತಿಗೆ 27 ರಾಜ್ಯಗಳಲ್ಲಿ ಸ್ವಸಹಾಯ ಸಂಘಗಳ ಸುಮಾರು 78 ಸಾವಿರ ಹೆಂಗಸರು ಸುಮಾರು 2 ಕೋಟಿ ಮುಖಗವಸುಗಳನ್ನು ಹೊಲಿದರೆಂದು ಕೇಂದ್ರ ಸರಕಾರವು ಪ್ರಕಟಿಸಿತು. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೊಲಿಗೆಯ ಘಟಕಗಳೂ ಆಗ ಇದೇ ಕೆಲಸಕ್ಕೆ ನಿಂತವು. ಬಾಗಿಲು ಹಾಕಿದ ದೇಶದಲ್ಲಿ ಕೆಲವೇ ವಾರಗಳಲ್ಲಿ ಎರಡು ಕೋಟಿ! ಮಕ್ಕಳು ಕೈ ತಟ್ಟಿದರು. ಭಾಗಿಸಿರಿ ಎಂದೆವು. ತಲೆಗೆ ಸುಮಾರು 256 ಬಂದಿತು. ದಿನಕ್ಕೆ 80ರಂತೆ ಅದು ಮೂರು ದಿನಗಳಿಗಿಂತ ತುಸುವೇ ಹೆಚ್ಚಿನ ಕೆಲಸ. ಐದು ರೂಪಾಯಿಯ ದರವನ್ನೇ ಹಿಡಿದರೂ 1,280 ರೂಪಾಯಿ. ಸರಾಸರಿಯೆಂಬುದು ಮೋಸದ ವಸ್ತು, ಒಬ್ಬಳು ಸಾವಿರ ಹೊಲಿದಿರಬಹುದು, ಇನ್ನೊಬ್ಬಳು ಐವತ್ತು. ಏಪ್ರಿಲ್ ತಿಂಗಳ ಮೇಲೆಯೂ ಕೆಲಸ ಮುಂದುವರಿಯಿತು. ಅಂತೂ ದೇಶಕ್ಕೆ ಬಲು ದೊಡ್ಡದಾದ ಸಂಖ್ಯೆಯು ಒಂದು ಮನೆಗೆ ಎಷ್ಟು ದಿನದ ಅನ್ನವಾಯಿತು ಎಂಬುದನ್ನು ಭಾಗಾಕಾರವಿಲ್ಲದೆ ತಿಳಿಯಲಾಗದು.

ಮನೆಯಲ್ಲಿ ಕುಳಿತು ತುಂಡುಗೂಲಿಗೆ ಹೊಲಿಯುವವರ ಕಷ್ಟ ಕೊರೋನಾದೊಡನೆ ಹುಟ್ಟಿದುದಲ್ಲ. ಅಹಮದಾಬಾದಿನಲ್ಲಿ ಗಿರಣಿಗಳ ಚಿಂದಿಯನ್ನು ವ್ಯಾಪಾರಿಗಳಿಂದ ತಂದು, ನಮ್ಮ ಕೌದಿಯನ್ನು ಹೊಲಿಯುವಂತೆ ರಜಾಯಿಯ ಗವಸುಗಳನ್ನು ಹೊಲಿಯುವ ಬಡ ಹೆಂಗಸರಿದ್ದರು. ಅಂಥವರನ್ನೂ ತಲೆಹೊರೆಯವರನ್ನೂ ತರಕಾರಿ ಮಾರುವವರನ್ನೂ ಕೂಡಿಸಿ ಇಳಾ ಭಟ್ಟರು 1972ರಲ್ಲಿ ‘ಸೇವಾ’ ಎಂಬ ಸಂಘವನ್ನು ಕಟ್ಟಿದರು. ಮಾಲಿಕನೇ ಇಲ್ಲದವರಿಗೆ ಕಾರ್ಮಿಕ ಸಂಘವೆಂತು ಎಂದು ಅಧಿಕಾರಿಗಳು ಮೊದಲು ನೋಂದಣಿಗೇ ತಡೆ ಹಾಕಿದರು. 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ 10 ರೂಪಾಯಿ ಕೂಡಿಸಿ ತಮ್ಮದೇ ಬ್ಯಾಂಕನ್ನು ತೆರೆದರು. ಚಿಂದಿಯವರು ದರಕ್ಕಾಗಿ ವ್ಯಾಪಾರಿಗಳೊಡನೆ ಹೆಣಗಾಡಿ, ಮುಂದೆ ತಮ್ಮದೇ ಸಹಕಾರಿ ಸಂಘವನ್ನು ಮಾಡಿಕೊಂಡರು. ಮನೆಯಿಂದ ದುಡಿಯುವವರೂ ಕಾರ್ಮಿಕರೇ ಎಂಬ ಅಂತರರಾಷ್ಟ್ರೀಯ ಒಪ್ಪಂದವು 1996ರಲ್ಲಿ ಜಿನೀವಾದಲ್ಲಿ ಆಯಿತು. ಅದರ ಬೆನ್ನಿಗೂ ಈ ಸಂಘದ ಒತ್ತಾಯವಿದ್ದಿತು.

ನಮ್ಮ ಊರಿನದೇ ಇನ್ನೊಂದು ಉದಾಹರಣೆ ಎಲ್ಲರ ಊಟದ ತಟ್ಟೆಯಲ್ಲಿದೆ. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಮಾಳಿಗೆಯ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸತೊಡಗಿದರು; ಅದೇ ಇಂದಿನ ಲಿಜ್ಜತ್. ಅಲ್ಲಿಯೂ ಹಿಟ್ಟನ್ನು ಮನೆಗೊಯ್ದು ತುಂಡುಗೂಲಿಗೇ ಲಟ್ಟಿಸುತ್ತಾರೆ. ಆದರೆ ಲಟ್ಟಿಸುವವಳೇ ಸಂಸ್ಥೆಯ ಒಡತಿಯರಲ್ಲಿ ಒಬ್ಬಳು.

ಹಪ್ಪಳಕ್ಕೂ ಮುಖಗವಸಿಗೂ ಒಂದು ಭೇದವುಂಟು. ಹಪ್ಪಳ ನಿತ್ಯದ ವಸ್ತು. ಮುಖಗವಸು ಆಪತ್ತಿನ ವಸ್ತು. 2022ರ ಏಪ್ರಿಲ್ 2ರಿಂದ ಮಹಾರಾಷ್ಟ್ರದಲ್ಲಿ ಮುಖಗವಸಿನ ಕಡ್ಡಾಯ ಹೋಯಿತು. ನಾವೆಲ್ಲರೂ ಮುಖ ಬಿಚ್ಚಿ ಉಸಿರಾಡಿದೆವು. ಅದೇ ದಿನ ಆ ಓಣಿಯ ಹದಿನಾಲ್ಕು ಯಂತ್ರಗಳಿಗೆ ಏನಾಯಿತೆಂದು ಯೋಚಿಸಿದವರು ಎಷ್ಟು ಜನ? ನಾವಂತೂ ಯೋಚಿಸಿರಲಿಲ್ಲ. ಹೆಂಗಸರಲ್ಲಿ ಎಂಟು ಮಂದಿ ಬಿಟ್ಟುಹೋದರು. ಉಳಿದ ಆರು ಮಂದಿ ಪರಕಾರ, ಅರಿವೆಯ ಚೀಲ, ದಿಂಬಿನ ಗವಸು ಹೊಲಿದು ಗುಂಪನ್ನು ಹಿಡಿದುಕೊಂಡಿದ್ದಾರೆ. ನಮ್ಮ ಬಾಲಿಕೆಯ ತಾಯಿ ಮುಂಜಾನೆ ಎರಡು ಮನೆಗಳ ಪಾತ್ರೆ ತೊಳೆದು ಮಧ್ಯಾಹ್ನ ಯಂತ್ರಕ್ಕೆ ಬರುತ್ತಾಳೆ.

ಈ ವರ್ಷ ಬಡ ವಿದ್ಯಾರ್ಥಿನಿಯರಿಗೆ ಕೊಡುವ ಅರವತ್ತು ಗಣವೇಷಗಳ ಹೊಲಿಗೆಯನ್ನು ಆ ಗುಂಪಿಗೆ ಕೊಡಬೇಕೆಂದು ನಾವು ಸಭೆಯಲ್ಲಿ ಸೂಚಿಸಿದೆವು. ಪೇಟೆಯಲ್ಲಿ ತಲಾ 20 ರೂಪಾಯಿ ಕಡಿಮೆಗೆ ಆಗುವುದೆಂದು ಆಕ್ಷೇಪ ಬಂದಿತು. ಅದೂ ಸುಳ್ಳಲ್ಲ, ಶಾಲೆಯ ಹಣವೂ ಜನರು ಕೊಟ್ಟುದೇ. ಬಹಳ ಚರ್ಚೆಯ ಮೇಲೆ ಮೂವತ್ತನ್ನು ಪೇಟೆಗೂ ಮೂವತ್ತನ್ನು ಗುಂಪಿಗೂ ಕೊಡುವುದೆಂದು ತೀರ್ಮಾನವಾಯಿತು. ಗುಂಪಿನವರ ಬಿಲ್ಲನ್ನು ಶನಿವಾರವೇ ತೀರಿಸಬೇಕೆಂದು ನಾವು ಹಠ ಹಿಡಿದೆವು. ಬಿಲ್ಲನ್ನು ಬರೆದು ತಂದವಳು 8ನೆಯ ಇಯತ್ತೆಯ ಆ ಬಾಲಿಕೆಯೇ. ಅದರಲ್ಲಿ ದಾರದ ಖರ್ಚನ್ನು ಅವಳು ಬೇರೆಯಾಗಿ ಕಾಣಿಸಿದ್ದಳು.