ಸೇನಾಧಿಪತಿ ಡಾಬಿಯವರು: ಪ್ರಾರ್ಥನೆಯೂ ಎಚ್ಚರಿಕೆಯೂ

ಓದತಕ್ಕ ವೇದಭಾಗ: ಅಪೊಸ್ತಲರ ಕೃತ್ಯಗಳು 27:20ರಿಂದ 28:10ರ ವರೆಗೆ.



ಪೌಲನಿದ್ದ ಹಡಗು ಒಡೆದು, 276 ಮಂದಿ ಈಜಿಯೂ ಹಲಗೆಗಳನ್ನು ಹಿಡಿದೂ ದಡ ಸೇರಿದ ಮೆಲೀತೆ ದ್ವೀಪಕ್ಕೆ ಈಗ ಮಾಲ್ಟಾ ಎಂದು ಹೆಸರು. ಅದು ಸುಮಾರು 17 ಮೈಲು ಉದ್ದ, 9 ಮೈಲು ಅಗಲವುಳ್ಳ ಕಲ್ಲುನೆಲ. ಇದೇ ದ್ವೀಪವನ್ನು ಎರಡನೆಯ ಮಹಾಯುದ್ಧದಲ್ಲಿ ಕಾಯುವ ಭಾರವು ದೇವಭಕ್ತನಾದ ಒಬ್ಬ ಸೇನಾಧಿಪತಿಯ ಮೇಲೆ ಬಿದ್ದಿತು. ಆತನ ಚರಿತ್ರೆಯಿಂದ ನಾವು ಈ ತಿಂಗಳು ಪಾಠ ಕಲಿಯೋಣ.

ಸರ್ ವಿಲಿಯಂ ಡಾಬಿಯವರು 1879ರಲ್ಲಿ ಮದರಾಸಿನಲ್ಲಿ ಹುಟ್ಟಿದರು. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ, 14ನೆಯ ವಯಸ್ಸಿನಲ್ಲಿ, ಕರ್ತನಾದ ಯೇಸುವನ್ನು ತಮ್ಮ ರಕ್ಷಕನೆಂದು ಅಂಗೀಕರಿಸಿದರು. 1899ರಲ್ಲಿ ಸೈನ್ಯದ ಎಂಜಿನಿಯರುಗಳ ದಳವನ್ನು ಸೇರಿ, ದಕ್ಷಿಣ ಆಫ್ರಿಕದಲ್ಲಿಯೂ ಮೊದಲನೆಯ ಮಹಾಯುದ್ಧದಲ್ಲಿಯೂ ಸೇವೆಮಾಡಿದರು. 1918ರ ನವೆಂಬರಿನಲ್ಲಿ ಯುದ್ಧವನ್ನು ನಿಲ್ಲಿಸಬೇಕೆಂದು ಬ್ರಿಟಿಷ್ ದಂಡುಗಳಿಗೆ ಹೋದ ತಂತಿಗೆ ರುಜು ಹಾಕಿದವರು ಇವರೇ. 1935ರಿಂದ 1939ರ ವರೆಗೆ ಮಲಯ ದೇಶದ ಸೇನೆಗೆ ನಾಯಕರಾಗಿದ್ದು ನಿವೃತ್ತರಾದರು. ಆದರೆ 1940ರಲ್ಲಿ ಸರಕಾರವು ಅವರನ್ನು ಪುನಃ ಕರೆದು ಮಾಲ್ಟಾಕ್ಕೆ ಕಳುಹಿಸಿತು.

ಆ ವರುಷದ ಜೂನ್ 11ರಂದು ಇಟಲಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಸುರಿಸಲಾರಂಭಿಸಿದವು. ವೈರಿಯ ವಿಮಾನನಿಲ್ದಾಣಗಳಿದ್ದ ಸಿಸಿಲಿಯು ಸುಮಾರು 60 ಮೈಲು ದೂರದಲ್ಲಿತ್ತು. ಎದುರಿಸುವದಕ್ಕೆ ಮೊದಲು ಇದ್ದವುಗಳು ಬೆರಳೆಣಿಕೆಯ ಹಳೆಯ ವಿಮಾನಗಳು ಮಾತ್ರವೇ. ಅವುಗಳಲ್ಲಿ ಮೂರನ್ನು ಜನರು ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಕರೆದರು. ಲಂಡನ್ನಿನ ಸೇನಾಮುಖ್ಯರು ಡಾಬಿಯವರಿಗೆ ಕಳುಹಿಸಿದ ತಂತಿಯಲ್ಲಿ ಇದ್ದದ್ದು ಧರ್ಮೋಪದೇಶಕಾಂಡ 3:22ರ ಸೂಚನೆ. ನೀವೂ ಅದನ್ನು ತೆಗೆದು ಓದಿರಿ.

ದ್ವೀಪದವರು ರೋಮನ್ ಕಥೋಲಿಕರು. ಡಾಬಿಯವರು ಪ್ಲಿಮತ್ ಸಹೋದರರೆಂಬ ಪ್ರೊಟೆಸ್ಟಂಟ್ ಮಂಡಲಿಯವರು. ಹಾಗಿದ್ದರೂ ಆತನು ರೇಡಿಯೋದಲ್ಲಿ ದೇವರನ್ನು ಆಶ್ರಯಿಸಿರೆಂದು ಬಹಿರಂಗವಾಗಿ ಹೇಳುವಾಗ ಜನರು ಕಿವಿಗೊಟ್ಟು ಕೇಳಿದರು. 1942ರ ಏಪ್ರಿಲ್ 15ರಂದು ಬ್ರಿಟಿಷ್ ಅರಸನು ಧೈರ್ಯಕ್ಕಾಗಿ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಪದಕವನ್ನಿತ್ತನು.

ಆದರೂ ಭಕ್ತರ ಚರಿತ್ರೆಯಲ್ಲಿ ಸಿಹಿಯನ್ನು ಮಾತ್ರ ಆರಿಸಿ ತೆಗೆಯಬಾರದು. 1942ರ ಮಾರ್ಚಿನಲ್ಲಿ ಹಸಿದ ದ್ವೀಪಕ್ಕೆ ನಾಲ್ಕು ಹಡಗುಗಳು ಸುಮಾರು 26,000 ಟನ್ ಸಾಮಗ್ರಿಯನ್ನು ಹೊತ್ತು ಹೊರಟವು. ಎರಡೇ ಬಂದರನ್ನು ಮುಟ್ಟಿದವು. ಅವನ್ನೂ ಮೂರೇ ದಿನಗಳಲ್ಲಿ ಬಾಂಬುಗಳು ಮುಳುಗಿಸಿದವು. ದಡಕ್ಕೆ ಬಂದದ್ದು ಸುಮಾರು 5,000 ಟನ್. ಇಳಿಸುವ ಕೆಲಸಕ್ಕೆ ತಕ್ಕ ಏರ್ಪಾಡು ಇರಲಿಲ್ಲವೆಂದು ಅನೇಕರು ಡಾಬಿಯವರನ್ನು ದೂರಿದರು. ಮೋಡ ಕವಿದಾಗ ಕಣದಲ್ಲಿ ರಾಶಿಯನ್ನು ಬಿಟ್ಟವನ ನಷ್ಟವನ್ನು ನಾವು ಬಲ್ಲೆವಲ್ಲವೇ? ಮೇ 7ರಂದು ದಣಿದಿದ್ದ ಆತನು ಅಧಿಕಾರವನ್ನು ಲಾರ್ಡ್ ಗಾರ್ಟರಿಗೆ ಒಪ್ಪಿಸಿ ಹೊರಟನು. ದ್ವೀಪವು ವೈರಿಯ ಕೈಗೆ ಬೀಳಲೇ ಇಲ್ಲ.

ಹಾಗಾದರೆ ಆತನ ಪ್ರಾರ್ಥನೆ ವ್ಯರ್ಥವೋ? ಎಂದಿಗೂ ಅಲ್ಲ. ಪೌಲನನ್ನು ನೋಡಿರಿ. ಒಂದು ಪ್ರಾಣವೂ ಹೋಗದೆಂದು ದೇವದೂತನಿಂದ ಕೇಳಿದ ಮೇಲೆಯೂ, ಓಡಿಹೋಗಲಿದ್ದ ನಾವಿಕರನ್ನು ಬಿಡಬಾರದೆಂದು ಶತಾಧಿಪತಿಗೆ ಹೇಳಿದನು. ದಡದಲ್ಲಿ ಬೆಂಕಿಗಾಗಿ ತಾನೇ ಕಟ್ಟಿಗೆ ಕೂಡಿಸಿದನು. ದೇವರ ವಾಗ್ದಾನವು ಅವನ ಕೈಗಳನ್ನು ಕಟ್ಟಿಹಾಕಲಿಲ್ಲ. ಮಗುವಿಗೆ ಜ್ವರ ಬಂದಾಗ ಮೊಣಕಾಲೂರಿರಿ, ಆಸ್ಪತ್ರೆಗೂ ನಡೆಯಿರಿ. ಮಳೆಗಾಗಿ ಬೇಡಿರಿ, ಕೆರೆಯ ಏರಿಯನ್ನೂ ಬಲಪಡಿಸಿರಿ.

ಪದವಿ ಹೋದ ಮೇಲೂ ಡಾಬಿಯವರು ಸಾಕ್ಷಿಯನ್ನು ಬಿಡಲಿಲ್ಲ. ಸಭೆಯಿಂದ ಸಭೆಗೆ ಹೋಗಿ ಕರ್ತನ ಸಹಾಯವನ್ನು ಸಾರಿದರು. 46ನೆಯ ಕೀರ್ತನೆಯಿಂದ ಹೆಸರನ್ನು ತೆಗೆದುಕೊಂಡು ಪುಸ್ತಕವನ್ನೂ ಬರೆದರು. 1964ರಲ್ಲಿ ನಿದ್ರೆಹೋದರು.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು:
1. ವಾಗ್ದಾನವಿದ್ದರೂ ಪೌಲನು ನಾವಿಕರನ್ನು ತಡೆಯುವಂತೆ ಮಾಡಿದ್ದೇಕೆ?
2. ನಾವು ಪ್ರಾರ್ಥಿಸಿ, ಮಾಡದೆ ಬಿಟ್ಟಿರುವ ಕೆಲಸ ಯಾವದು?
3. ದೂರು ಬಂದಾಗಲೂ ಕರ್ತನ ಸೇವೆಯಲ್ಲಿ ನಿಲ್ಲುವದು ಹೇಗೆ?