ರಂಗನಟರ ಹಸ್ತಾಕ್ಷರ: ನಿಜವನ್ನು ಅರಿಯುವ ಬಗೆ

ಆದವಾನಿ, ಆಲೂರು, ರಾಯದುರ್ಗಗಳ ನಮ್ಮ ಸೀಮೆಯು ೧೯೫೩ರ ಸೆಪ್ಟೆಂಬರ್ ಮುಗಿಯುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಕನ್ನಡ ಮತ್ತು ತೆಲುಗು ಎಂಬ ಎರಡು ಭಾಷೆಗಳ ನಾಟಕಗಳನ್ನೂ ಸಮನಾಗಿ ಆದರಿಸಿದ ನಾಡು ಇದು. ನಾಟಕದ ಕಂಪನಿಯೊಂದು ಊರ ಹೊರಗೆ ಕ್ಯಾಂಪು ಹಾಕಿತೆಂದರೆ ಸುತ್ತಣ ಹಳ್ಳಿಗಳಿಂದ ಜನರು ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವಿದ್ದಿತು. ಆ ಕಾಲದ ಹ್ಯಾಂಡ್‌ಬಿಲ್ಲುಗಳು, ಟಿಕೇಟಿನ ಚೂರುಗಳು, ನಟರ ರುಜುವುಳ್ಳ ಫೋಟೋಗಳು ಕೆಲವು ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಇಂದಿಗೂ ಇರುವುದುಂಟು. ಮತ್ತೊಂದು ಕಡೆ, ಹೆಸರಾಂತ ನಟರ ಹಸ್ತಾಕ್ಷರವೆಂದು ಹೇಳಿ ಅಂತರ್ಜಾಲದಲ್ಲಿಯೂ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಹಣಕ್ಕೆ ಮಾರುವವರು ಇದ್ದಾರೆ. ಇವುಗಳಲ್ಲಿ ನಿಜವಾವುದು, ಹುಸಿಯಾವುದು ಎಂದು ಅರಿಯುವ ಬಗೆಯನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಸುವುದು ಈ ಪಾಠದ ಉದ್ದೇಶ.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಗಡಿನಾಡಿನ ಕನ್ನಡ ರಂಗಭೂಮಿಯ ನೆನಪು ಬಹುಮಟ್ಟಿಗೆ ಉಳಿದಿರುವುದು ಮನೆಮನೆಯ ಕಾಗದಪತ್ರಗಳಲ್ಲಿಯೇ. ಅವುಗಳ ನಡುವೆ ಒಂದು ಸುಳ್ಳು ಕಾಗದ ಸೇರಿದರೆ ಹತ್ತು ನಿಜ ಕಾಗದಗಳ ಮಾನವೂ ಹೋಗುತ್ತದೆ. ನಿಜವಾದುದನ್ನು ಹುಸಿಯೆಂದು ಬಗೆದು ರದ್ದಿಗೆ ಹಾಕಿದರಂತೂ ಹೋದದ್ದು ಮರಳಿ ಬಾರದು. ಆದುದರಿಂದ ಅವಸರದಿಂದ ನಂಬುವುದೂ ಅವಸರದಿಂದ ಅಲ್ಲಗಳೆಯುವುದೂ ಸಮಾನವಾದ ದೋಷಗಳು.

೧. ಕೈಯ ಸಾಕ್ಷಿ

ರುಜುವೆಂಬುದು ಬರಿಯ ಹೆಸರಲ್ಲ. ಅದು ಕೈಗೆ ಹತ್ತಿದ ರೂಢಿ. ನಡೆಯುವವನು ಹೆಜ್ಜೆಗಳನ್ನು ಎಣಿಸದಿರುವಂತೆ, ರುಜು ಹಾಕುವವನು ಅಕ್ಷರಗಳನ್ನು ಚಿಂತಿಸುವುದಿಲ್ಲ. ನಕಲು ಮಾಡುವವನಾದರೋ ಒಂದೊಂದು ತಿರುವನ್ನೂ ನೋಡಿ ನೋಡಿ ಚಿತ್ರದಂತೆ ಬರೆಯಬೇಕಾಗುತ್ತದೆ. ಆಕಾರವನ್ನು ಕದಿಯಬಹುದು, ವೇಗವನ್ನು ಕದಿಯುವುದು ಕಷ್ಟ. ಇದೇ ಈ ವಿದ್ಯೆಯ ಮೂಲಸೂತ್ರ.

ಭೂತಗನ್ನಡಿ ಹಿಡಿದು ಗೆರೆಗಳನ್ನು ನೋಡಬೇಕು. ಸರಾಗವಾಗಿ ಬರೆದ ಗೆರೆಯ ಮೊದಲೂ ಕೊನೆಯೂ ಸಾಮಾನ್ಯವಾಗಿ ಮೊನೆಯಂತೆ ಸಣ್ಣಗಾಗಿರುತ್ತವೆ. ಲೇಖನಿಯು ಚಲಿಸುತ್ತಲೇ ಕಾಗದವನ್ನು ಮುಟ್ಟಿ, ಚಲಿಸುತ್ತಲೇ ಬಿಡುವುದು ಇದಕ್ಕೆ ಕಾರಣ. ನಕಲಿನ ಗೆರೆ ಮೊಂಡಾಗಿ ಆರಂಭವಾಗಿ ಮೊಂಡಾಗಿಯೇ ನಿಲ್ಲುತ್ತದೆ, ತಿರುವುಗಳಲ್ಲಿ ನಡುಗುತ್ತದೆ, ನಡುವೆ ಲೇಖನಿ ನಿಂತ ಕಡೆ ಮಸಿಯ ಚುಕ್ಕೆ ಕಾಣುತ್ತದೆ, ಸರಿಯಾಗದ ಭಾಗವನ್ನು ಮತ್ತೆ ತಿದ್ದಿರುವುದೂ ಉಂಟು. ಒತ್ತಡವನ್ನೂ ಗಮನಿಸತಕ್ಕದ್ದು. ಸಹಜವಾದ ಬರೆಹದಲ್ಲಿ ಕೆಲವು ಗೆರೆ ಭಾರ, ಕೆಲವು ಹಗುರ. ನಕಲಿನಲ್ಲಿ ಎಲ್ಲವೂ ಒಂದೇ ಸಮವಾಗಿರುವುದು ಹೆಚ್ಚು.

ಕನ್ನಡದ ರುಜುಗಳಲ್ಲಿ ನೋಡತಕ್ಕ ವಿಶೇಷಗಳು ಬೇರೆ ಇವೆ. ತಲೆಕಟ್ಟನ್ನು ಅಕ್ಷರದೊಡನೆ ಒಂದೇ ಎಳೆತದಲ್ಲಿ ಬರೆದಿದೆಯೇ, ಆಮೇಲೆ ಸೇರಿಸಿದೆಯೇ? ಒತ್ತಕ್ಷರವನ್ನು ಲೇಖನಿ ಎತ್ತದೆ ಕೆಳಗಿಳಿಸಿದೆಯೇ, ಬೇರೆಯಾಗಿ ಇಟ್ಟಿದೆಯೇ? ದೀರ್ಘದ ಕೊಂಬು ಎಲ್ಲಿಂದ ಹೊರಡುತ್ತದೆ? ಅಕ್ಷರದ ಅಂದವನ್ನು ಅನುಕರಿಸುವವರು ಇಂತಹ ಕ್ರಮವನ್ನು ಗಮನಿಸುವುದು ಅಪರೂಪ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಒಬ್ಬನೇ ಮನುಷ್ಯನ ಎರಡು ರುಜುಗಳು ಎಂದಿಗೂ ಕೂದಲೆಳೆಯಷ್ಟೂ ಭೇದವಿಲ್ಲದಂತೆ ಇರುವುದಿಲ್ಲ. ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ರುಜುಗಳು ಸಂಪೂರ್ಣವಾಗಿ ಕೂಡಿಕೊಂಡರೆ, ಅವುಗಳಲ್ಲಿ ಒಂದನ್ನಾದರೂ ಮತ್ತೊಂದರಿಂದ ಇಲ್ಲವೆ ಬೇರೊಂದು ಮೂಲದಿಂದ ತಿದ್ದಿ ತೆಗೆದಿರಬೇಕು ಅಥವಾ ಯಂತ್ರದಿಂದ ಅಚ್ಚು ಮಾಡಿರಬೇಕು. ಎರಡನೆಯದು, ನಡುಕವೆಲ್ಲ ನಕಲಿನದಲ್ಲ. ಮುಪ್ಪಿನಿಂದ ಅಥವಾ ಕಾಯಿಲೆಯಿಂದ ನಡುಗುವ ಕೈಯೂ ತನ್ನ ಹಳೆಯ ಓಟವನ್ನೂ ಅಕ್ಷರಗಳ ಅಳತೆಯನ್ನೂ ಮರೆಯುವುದಿಲ್ಲ. ಬಣ್ಣದ ಮನೆಯ ಬಾಗಿಲಲ್ಲಿ, ಮುಂದಿನ ದೃಶ್ಯಕ್ಕೆ ಕರೆ ಬಂದಿರುವಾಗ, ಯಾರದೋ ಬೆನ್ನಿನ ಮೇಲೆ ಪುಸ್ತಕವಿಟ್ಟು ಹಾಕಿದ ರುಜುವು ಕರಾರುಪತ್ರದ ರುಜುವಿನಂತೆ ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಹೋಲಿಸಿ ನೋಡಲು ಸಂದೇಹವಿಲ್ಲದ ಮಾದರಿಗಳು ಬೇಕು. ೧೮೭೨ರ ಭಾರತೀಯ ಸಾಕ್ಷ್ಯ ಕಾಯಿದೆಯ ೭೩ನೆಯ ಕಲಮು, ಒಪ್ಪಿತವಾದ ಅಥವಾ ರುಜುವಾತಾದ ಸಹಿಯೊಡನೆ ವಿವಾದಿತ ಸಹಿಯನ್ನು ಹೋಲಿಸಿ ನೋಡಲು ನ್ಯಾಯಾಲಯಕ್ಕೆ ಅವಕಾಶವನ್ನು ಕೊಟ್ಟಿದ್ದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ಏರ್ಪಾಡು ಉಳಿದಿದೆ. ಬಳ್ಳಾರಿ ರಾಘವರಂತಹವರ (೧೮೮೦–೧೯೪೬) ವಿಷಯದಲ್ಲಿ ಇದು ಸ್ವಾರಸ್ಯಕರ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದ ಈ ಮಹನೀಯರು ವೃತ್ತಿಯಿಂದ ವಕೀಲರು. ನಟನ ರುಜುವಿಗೆ ಪಕ್ಕದಲ್ಲಿಟ್ಟು ನೋಡಲು ವಕೀಲನ ರುಜುಗಿಂತ ಒಳ್ಳೆಯ ಸಾಕ್ಷಿ ಯಾವುದು? ಇತರ ನಟರ ವಿಷಯದಲ್ಲಿ ಛಾಪಾ ಕಾಗದದ ಕರಾರುಗಳು, ಸಂಬಳದ ರಸೀದಿಗಳು, ಸ್ವಂತ ಪತ್ರಗಳು ಸಹಾಯಕವಾಗುತ್ತವೆ. ಮಾದರಿಯು ಅದೇ ವಯಸ್ಸಿನದೂ ಅದೇ ಭಾಷೆಯ ಲಿಪಿಯದೂ ಆಗಿದ್ದರೆ ಉತ್ತಮ.

೨. ಕಾಗದ ಮಸಿಗಳ ಸಾಕ್ಷಿ

ಮೊದಲು ನೋಡತಕ್ಕದ್ದು, ಅದು ಕೈಬರೆಹವೇ ಅಲ್ಲವೇ ಎಂಬುದು. ಅಭಿಮಾನಿಗಳಿಗೆ ಹಂಚಲು ರುಜುವನ್ನೂ ಸೇರಿಸಿ ಫೋಟೋ ಅಚ್ಚು ಹಾಕಿಸುವುದು ರೂಢಿಯಲ್ಲಿದೆ. ಅಚ್ಚಿನ ರುಜುವನ್ನು ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯು ಬಹಳ ವೇಳೆ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ರಬ್ಬರ್ ಮೊಹರಿನದಾದರೆ ಮಸಿ ಅಂಚಿಗೆ ಒತ್ತಿಕೊಂಡು ಗೆರೆಯ ನಡುವೆ ತೆಳುವಾಗಿರುತ್ತದೆ. ಫೋಟೋವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮೇಲೆ ಬರೆದ ಮಸಿಯ ಹೊಳಪು ಬೇರೆಯಾಗಿ ಕಾಣುತ್ತದೆ. ಫೋಟೋದೊಳಗೇ ಮೂಡಿದ ರುಜುವಿಗೆ ಆ ಭೇದವಿಲ್ಲ.

ಬಾಲ್ ಪೆನ್ನಿನ ಗೆರೆಯನ್ನು ಗುರುತಿಸಲು ಕಲಿಯಿರಿ. ಅದರ ಗುಂಡು ಕಾಗದದಲ್ಲಿ ಕಾಲುವೆಯಂತೆ ಒತ್ತು ಮಾಡುತ್ತದೆ; ತಿರುವು ಕಳೆದ ಕೂಡಲೇ ಜಿಡ್ಡಾದ ಮಸಿಯ ಮುದ್ದೆಯನ್ನು ಬಿಡುವುದುಂಟು. ಮಸಿಕುಡಿಕೆಯಲ್ಲಿ ಅದ್ದಿ ಬರೆಯುವ ಉಕ್ಕಿನ ಮುಳ್ಳಾದರೋ ಒತ್ತಿದಾಗ ಎರಡು ಸೀಳಾಗಿ, ಗೆರೆಯ ಎರಡು ಅಂಚುಗಳಲ್ಲಿಯೂ ಗುರುತು ಬಿಡುತ್ತದೆ. ಅಮೆರಿಕದಲ್ಲಿ ಬಾಲ್ ಪೆನ್ನು ಅಂಗಡಿಗೆ ಬಂದದ್ದು ೧೯೪೫ರ ಅಕ್ಟೋಬರಿನಲ್ಲಿ. ಆದುದರಿಂದ ೧೯೨೬ರಲ್ಲಿ ತೀರಿಕೊಂಡ ಎ. ವಿ. ವರದಾಚಾರ್ಯರ ರುಜು ಬಾಲ್ ಪೆನ್ನಿನಲ್ಲಿದ್ದರೆ ಮುಂದೆ ವಿಚಾರಣೆಯೇ ಬೇಡ. ೧೯೪೬ರ ಏಪ್ರಿಲಿನಲ್ಲಿ ನಿಧನರಾದ ರಾಘವರ ವಿಷಯದಲ್ಲಿಯೂ ಅದು ನಂಬತಕ್ಕ ಮಾತಲ್ಲ. ಗುಬ್ಬಿ ವೀರಣ್ಣನವರು (೧೮೯೧–೧೯೭೨) ಆ ಪೆನ್ನಿನ ಕಾಲವನ್ನು ಕಂಡವರಾದುದರಿಂದ ಅವರ ವಿಷಯದಲ್ಲಿ ಪೆನ್ನೊಂದರಿಂದಲೇ ತೀರ್ಪು ಆಗದು.

ಮಡಿಕೆಯೂ ಮಾತಾಡುತ್ತದೆ. ಕಾಗದವನ್ನು ಮಡಿಚಿದ ಮೇಲೆ ಅದರ ಮೇಲೆ ಬರೆದರೆ, ಮುರಿದ ನಾರುಗಳೊಳಗೆ ಮಸಿ ಹರಡಿಕೊಳ್ಳುತ್ತದೆ. ಹಳೆಯ ಕಾಗದದ ಸವೆದ ಮಡಿಕೆಯ ಬಳಿ ಮಸಿ ಹೀಗೆ ಹರಡಿದ್ದರೆ, ಕಾಗದ ಹಳೆಯದು, ರುಜು ಈಚಿನದು ಎಂದು ಸಂದೇಹಪಡಬೇಕು. ನೋಟುಗಳನ್ನು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ನೇರಳಾತೀತ ದೀಪದ ಕೆಳಗೆ ಕಾಗದವು ನೀಲಿಯಾಗಿ ಬೆಳಗಿದರೆ, ಅದರಲ್ಲಿ ಬಿಳುಪುಕಾರಕ ಬೆರೆತಿದೆಯೆಂದು ಅರ್ಥ. ಅಂತಹ ಕಾಗದದ ಬಳಕೆ ಹರಡಿದ್ದು ಸುಮಾರು ೧೯೫೦ರ ಈಚೆಗೆ. ಬೆಳಗದಿದ್ದ ಮಾತ್ರಕ್ಕೆ ಕಾಗದ ಹಳೆಯದೆಂದು ಹೇಳಲಾಗದು. ಚಹದ ನೀರಿನಲ್ಲಿ ಅದ್ದಿ ಕಾಗದಕ್ಕೆ ಮುಪ್ಪು ಬರಿಸುವವರೂ ಇದ್ದಾರೆ.

೩. ಕಾಲದ ಸಾಕ್ಷಿ

ಈ ಸಾಕ್ಷಿಗೆ ಯಂತ್ರ ಬೇಡ. ಚರಿತ್ರೆಯ ಪಾಠ ಸಾಕು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವಾಯಿತು. ೧೯೫೬ರ ನವೆಂಬರ್ ೧ರಂದು ಆಂಧ್ರಪ್ರದೇಶವಾಯಿತು. ೧೯೫೭ರ ಏಪ್ರಿಲ್ ೧ರಂದು ಆಣೆಯ ಬದಲು ನಯಾ ಪೈಸೆಯ ಲೆಕ್ಕ ಬಂದಿತು. ೧೯೭೨ರ ಆಗಸ್ಟ್ ೧೫ರಂದು ಅಂಚೆಯ ಆರಂಕಿಯ ಪಿನ್ ಸಂಖ್ಯೆ ಆರಂಭವಾಯಿತು. ೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಕಾಗದದ ಮೇಲಿನ ವಿಳಾಸ, ಟಿಕೇಟಿನ ದರ, ಮುದ್ರಣಾಲಯದ ಹೆಸರು ಇವುಗಳನ್ನು ಈ ತಾರೀಖುಗಳೊಡನೆ ಹೋಲಿಸಿರಿ.

ಹೆಸರಿಗೂ ಕಾಲವುಂಟು. ಗುಬ್ಬಿ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದ ಮುತ್ತುರಾಜರಿಗೆ ರಾಜಕುಮಾರ್ ಎಂಬ ಹೆಸರು ಬಂದದ್ದು ೧೯೫೪ರ ‘ಬೇಡರ ಕಣ್ಣಪ್ಪ’ ಚಲಚ್ಚಿತ್ರದಿಂದ. ೧೯೪೮ನೆಯ ಇಸವಿಯನ್ನು ಹಾಕಿ ‘ರಾಜಕುಮಾರ್’ ಎಂದು ರುಜು ಮಾಡಿದ್ದರೆ ಅದನ್ನು ನಂಬುವುದು ಹೇಗೆ? ಆದರೆ ಅವರ ಹಳೆಯ ನಾಟಕದ ಫೋಟೋ ಒಂದರ ಮೇಲೆ ಇಸವಿಯಿಲ್ಲದೆ ಆ ರುಜು ಇದ್ದರೆ ಅಸಾಧ್ಯವೇನೂ ಅಲ್ಲ. ಹಳೆಯ ಫೋಟೋಕ್ಕೆ ಮುಂದೆಂದೋ ರುಜು ಹಾಕಿರಬಹುದು. ಹಳೆಯ ಕಾಗದದ ಮೇಲೆ ಹೊಸ ರುಜು ಸಾಧ್ಯ, ಹೊಸ ಕಾಗದದ ಮೇಲೆ ಹಳೆಯ ರುಜು ಅಸಾಧ್ಯ. ಈ ಭೇದವನ್ನು ಮರೆಯಕೂಡದು. ಒಂದೇ ಹೆಸರಿನ ಇಬ್ಬರಿರುವುದೂ ಉಂಟು. ಕೆ. ಹಿರಣ್ಣಯ್ಯನವರು ೧೯೫೩ರಲ್ಲಿ ತೀರಿಕೊಂಡರು. ಅವರ ಮಗನೇ ೨೦೧೯ರವರೆಗೆ ಇದ್ದ ಮಾಸ್ಟರ್ ಹಿರಣ್ಣಯ್ಯ. ೧೯೬೦ರ ರುಜುವನ್ನು ತಂದೆಯದೆಂದರೆ ಅದು ರುಜುವಿನ ದೋಷವಲ್ಲ, ಹೇಳಿದವರ ದೋಷ.

೪. ಬಂದ ದಾರಿಯ ಸಾಕ್ಷಿ

ಕಾಗದವು ನಟನ ಕೈಯಿಂದ ನಮ್ಮ ಕೈಗೆ ಯಾವ ದಾರಿಯಲ್ಲಿ ಬಂದಿತು? ಯಾವ ಊರಿನ ಕ್ಯಾಂಪಿನಲ್ಲಿ, ಯಾವ ನಾಟಕದ ರಾತ್ರಿ, ಯಾರ ಎದುರಿನಲ್ಲಿ ರುಜುವಾಯಿತು? ಅದೇ ದಿನದ ಟಿಕೇಟು, ಹ್ಯಾಂಡ್‌ಬಿಲ್ಲು, ದಿನಚರಿಯ ಸಾಲು ಜೊತೆಗಿದ್ದರೆ ಸಾಕ್ಷಿಗೆ ಬಲ ಬರುತ್ತದೆ. ಮಾರುವವನು ತಾನೇ ಬರೆದುಕೊಟ್ಟ ‘ಇದು ಅಸಲಿ’ ಎಂಬ ಪ್ರಮಾಣಪತ್ರ ಸಾಕ್ಷಿಯಾಗದು; ತನ್ನ ಮೊಸರು ಹುಳಿಯೆಂದು ಯಾರೂ ಹೇಳುವುದಿಲ್ಲ.

ಒಂದು ಉದಾಹರಣೆ

ಹೀಗೆ ಕಲ್ಪಿಸಿಕೊಳ್ಳೋಣ. ಗುಬ್ಬಿ ವೀರಣ್ಣನವರ ಫೋಟೋ ಒಂದು ಮಾರಾಟಕ್ಕೆ ಬಂದಿದೆ. ಕೆಳಗೆ ರುಜು, ‘೧೯೩೮’ ಎಂಬ ಇಸವಿ. ಅಕ್ಷರ ಸುಂದರವಾಗಿದೆ, ಕಾಗದ ಕಂದಿದೆ. ಹಿಂದುಗಡೆ ಸ್ಟುಡಿಯೋದ ಅಚ್ಚಾದ ವಿಳಾಸದಲ್ಲಿ ಪಿನ್ ಸಂಖ್ಯೆ ಇದೆ. ಪಿನ್ ಬಂದದ್ದು ೧೯೭೨ರ ಆಗಸ್ಟ್ ೧೫ರಂದು. ವೀರಣ್ಣನವರು ತೀರಿಕೊಂಡದ್ದು ಅದೇ ವರ್ಷದ ಅಕ್ಟೋಬರ್ ೧೮ರಂದು. ಇಸವಿಯಂತೂ ಸುಳ್ಳಾಯಿತು. ರುಜು ನಿಜವಾಗಬೇಕಾದರೆ ಉಳಿದ ಎರಡು ತಿಂಗಳೊಳಗೆ ಎಂಬತ್ತು ದಾಟಿದ ಹಿರಿಯರು ಮೂವತ್ತನಾಲ್ಕು ವರ್ಷ ಹಿಂದಿನ ಇಸವಿಯನ್ನು ಹಾಕಿ ರುಜು ಮಾಡಿರಬೇಕು. ಬುದ್ಧಿಯುಳ್ಳವರು ಇದಕ್ಕೆ ಹಣ ಕೊಡುವರೇ? ನೂರು ಹೋಲಿಕೆಗಳು ಕೂಡಿ ಸಿದ್ಧಪಡಿಸಲಾರದ್ದನ್ನು ಒಂದು ವಿರೋಧವು ಮುರಿದು ಹಾಕುತ್ತದೆ.

ತೀರ್ಪು

ತೀರ್ಪು ಎರಡಲ್ಲ, ಮೂರು: ನಿಜ, ಹುಸಿ, ನಿರ್ಧರಿಸಲಾಗದು. ಮೂರನೆಯದನ್ನು ಹೇಳಲು ನಾಚಬೇಕಾಗಿಲ್ಲ. ಹೆಚ್ಚಿನ ಬೆಲೆಯ ವಸ್ತುವಾದರೆ ಬರೆಹದ ಪರೀಕ್ಷಕರ ಅಭಿಪ್ರಾಯವನ್ನು ಪಡೆಯತಕ್ಕದ್ದು.

ಮನೆಯಲ್ಲಿರುವ ರುಜುವು ಅಚ್ಚಿನದೆಂದು ತಿಳಿದುಬಂದರೆ, ಮಕ್ಕಳೇ, ತಾತನವರು ಸುಳ್ಳು ಹೇಳಿದರೆಂದು ಭಾವಿಸಬೇಡಿ. ಕಂಪನಿಯವರು ಕೊಟ್ಟದ್ದನ್ನು ಅವರು ಭಕ್ತಿಯಿಂದ ಕಾಪಾಡಿರುತ್ತಾರೆ. ಆ ಫೋಟೋ ನಟನ ಕೈಗೆ ಸಾಕ್ಷಿಯಲ್ಲದಿದ್ದರೂ, ತಾತನವರು ಆ ನಾಟಕವನ್ನು ಕಂಡದ್ದಕ್ಕೆ ಸಾಕ್ಷಿಯಾಗಬಲ್ಲದು. ಅದನ್ನೂ ಜೋಪಾನವಾಗಿಡಿ; ಆದರೆ ಅದಕ್ಕೆ ಇಲ್ಲದ ಹೆಸರನ್ನು ಕೊಡಬೇಡಿ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಇಂತಹ ಕಾಗದಗಳನ್ನು ನೀರಿನಿಂದ ಒರಸಬಾರದು, ಅಂಟುಪಟ್ಟಿ ಹಚ್ಚಬಾರದು, ಪ್ಲಾಸ್ಟಿಕ್ಕಿನಲ್ಲಿ ಬಿಸಿಮಾಡಿ ಮುಚ್ಚಿಸಬಾರದು. ಹಿರಿಯರು ಇರುವಾಗಲೇ ಅವರನ್ನು ಕೇಳಿ, ಕಾಗದ ಬಂದ ಬಗೆಯನ್ನು ಬೇರೆ ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಜೊತೆಗೆ ಇಡಬೇಕು. ಇಂದು ಬರೆದಿಟ್ಟ ನಾಲ್ಕು ಸಾಲು ಮುಂದಿನ ತಲೆಮಾರಿಗೆ ದಾರಿಯ ಸಾಕ್ಷಿಯಾಗುತ್ತದೆ.

ಅಭ್ಯಾಸ

೧. ನಿಮ್ಮ ರುಜುವನ್ನು ಹತ್ತು ಸಾರಿ ವೇಗವಾಗಿ ಬರೆಯಿರಿ. ಗೆಳೆಯನಿಂದ ಅದನ್ನು ನಕಲು ಮಾಡಿಸಿರಿ. ಭೂತಗನ್ನಡಿಯಲ್ಲಿ ನೋಡಿ, ಕಂಡ ಐದು ಭೇದಗಳನ್ನು ಪಟ್ಟಿ ಮಾಡಿರಿ. ಆಮೇಲೆ ಆ ನಕಲನ್ನು ಹರಿದು ಹಾಕಿರಿ. ಇನ್ನೊಬ್ಬರ ರುಜು ಹಾಕುವುದು ಆಟದ ವಿಷಯವಲ್ಲ.

೨. ಒಂದು ಕಾಗದವನ್ನು ಮಡಿಚುವ ಮೊದಲೊಮ್ಮೆ, ಮಡಿಚಿದ ಮೇಲೊಮ್ಮೆ ಮಸಿಯಿಂದ ಗೆರೆ ಎಳೆಯಿರಿ. ಎರಡು ಗೆರೆಗಳಿಗೂ ಇರುವ ವ್ಯತ್ಯಾಸವನ್ನು ಹೇಳಿರಿ.

೩. ‘ಟಿಕೇಟು ೭೫ ನಯಾ ಪೈಸೆ’ ಎಂದು ಅಚ್ಚಾಗಿರುವ ಹ್ಯಾಂಡ್‌ಬಿಲ್ಲಿನ ಮೇಲೆ ಬಳ್ಳಾರಿ ರಾಘವರ ರುಜು ಇರಬಹುದೇ? ಕಾರಣ ಕೊಡಿರಿ.

೪. ನಿಮ್ಮ ಮನೆಯ ಹಿರಿಯರು ಕಂಡ ಒಂದು ನಾಟಕದ ಹೆಸರು, ಊರು, ಕಂಪನಿ, ಸುಮಾರು ವರ್ಷ ಇವುಗಳನ್ನು ಕೇಳಿ ಬರೆದುಕೊಂಡು ಬನ್ನಿರಿ.